ಮುಳುಗದವರನ್ನು ಎಳೆದು ತಂದ ಕ್ಯಾಪ್ಟನ್

ಸಾಕಿದರೆ ಕೆಲಸದ ನಾಯಿಯನ್ನೇ ಸಾಕಬೇಕು! ತದಡಿಯ ವೆಂಕಟ ಹೀಗೆಂದು ಘೋಷಿಸಿದ್ದು ತನ್ನ ಅಂಗಳದಲ್ಲಿ ನಿಂತು; ಕೇಳಿಸಿಕೊಂಡದ್ದು ಹೆಂಡತಿ ರೇಖಾ ಮತ್ತು ಎರಡು ಕೋಳಿಗಳು. ಮಾರನೆಯ ದಿನವೇ ಹೊನ್ನಾವರದಿಂದ ಟೆಂಪೋ ಬಂತು. ಅದರಿಂದ ಇಳಿದದ್ದನ್ನು ಕಂಡು ಕೋಳಿಗಳು ಮಾಡು ಹತ್ತಿದವು.

ನ್ಯೂಫೌಂಡ್‌ಲ್ಯಾಂಡ್ ತಳಿ. ಹೆಸರು ಕ್ಯಾಪ್ಟನ್. ತೂಕ ಅರವತ್ತೈದು ಕಿಲೋ, ಅಂದರೆ ರೇಖಾಳಿಗಿಂತ ಹನ್ನೆರಡು ಕಿಲೋ ಹೆಚ್ಚು. ಚಳಿ ದೇಶದಲ್ಲಿ ಬಲೆ ಎಳೆಯಲು, ಮುಳುಗುವವರನ್ನು ದಡಕ್ಕೆ ತರಲು ಹುಟ್ಟಿದ ಜೀವ. ವೆಂಕಟನ ಗೆಳೆಯ ವಿಶ್ವನಾಥ ಅದನ್ನು ಶೋಕಿಗೆಂದು ತಂದಿದ್ದ. ಅವನ ಎರಡು ಕೋಣೆಯ ಮನೆಯಲ್ಲಿ ಅದು ಮಗ್ಗುಲು ಬದಲಿಸಿದರೆ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಅದಕ್ಕೇ ವೆಂಕಟನ ತಲೆಗೆ ಕಟ್ಟಿದ. ಮನುಷ್ಯನೇ ಚರ್ಮ ಬಿಚ್ಚಿ ಗೂಟಕ್ಕೆ ನೇತುಹಾಕೋಣ ಅಂದುಕೊಳ್ಳುವ ಈ ಸೆಕೆಗೆ, ಕಂಬಳಿ ಹೊದ್ದೇ ಹುಟ್ಟಿದ ಪ್ರಾಣಿಯನ್ನು ತಂದು ಕಟ್ಟುತ್ತೇವೆ. ಅದಕ್ಕೆ ಪ್ರಾಣಿಪ್ರೀತಿ ಎಂದು ಹೆಸರು ಬೇರೆ! ಪ್ರಾಣಿಯ ಅಭಿಪ್ರಾಯ ಕೇಳಿದವರುಂಟೆ?

ಕ್ಯಾಪ್ಟನ್ ತನ್ನ ಅಭಿಪ್ರಾಯವನ್ನು ತಾನೇ ಜಾರಿಗೆ ತಂದಿತು. ಮನೆಯ ಏಕೈಕ ಫ್ಯಾನಿನ ಕೆಳಗೆ ಉದ್ದಕ್ಕೆ ಮಲಗಿತು. ವೆಂಕಟ ಜಗಲಿಗೆ ವರ್ಗವಾದ.

"ಇದಕ್ಕೆ ಎಂತ ಕೆಲ್ಸ ಬತ್ತದೆ?" ಎಂದು ಕೇಳಿದಳು ವೆಂಕಟನ ತಾಯಿ ತಿಮ್ಮಿ.

"ನೀರಲ್ಲಿ ಮುಳುಗೋರನ್ನ ಎಳ್ದು ತತ್ತದೆ ಅವ್ವಾ."

"ಇಲ್ಲಿ ಯಾರು ಮುಳುಗ್ತಾರೋ? ನಡೆಯೂಕಿಂತ ಮೊದ್ಲು ಈಜು ಕಲ್ತೋರು ನಾವು."

ತಿಮ್ಮಿಯದು ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಕೆಲಸ. ಇಳಿತದ ಹೊತ್ತಿಗೆ ಅಘನಾಶಿನಿ ಹೊಳೆಯ ಎದೆಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಮರಳು ತಡವಿ, ಚಿಪ್ಪು ತಾಗಿತೆಂದರೆ ಬುಳಕ್ಕನೆ ಮುಳುಗಿ ಎತ್ತಬೇಕು. ಮುಳುಗು, ಏಳು, ಮತ್ತೆ ಮುಳುಗು. ಮೂವತ್ತು ಹೆಂಗಸರು ಹೀಗೆ ಮುಳುಗುತ್ತ ಏಳುತ್ತ ಇರುವುದನ್ನು ಕ್ಯಾಪ್ಟನ್ ಮೊದಲ ಬಾರಿಗೆ ಕಂಡಿತು. ಅದರ ಕಣ್ಣಿಗೆ ಸಾಕ್ಷಾತ್ ಜಲಪ್ರಳಯ!

ಸರಪಳಿ ಹರಿಯಿತು. ಮೊದಲು ತಿಮ್ಮಿಯನ್ನು ಸೆರಗು ಹಿಡಿದು ದಡಕ್ಕೆ ತಂದಿತು. ಆಮೇಲೆ ಅವಳ ಗೆಳತಿ ಲಕ್ಕಿಯನ್ನು. ತಿಮ್ಮಿ ಬೈಯುತ್ತ ಮತ್ತೆ ಇಳಿದಳು, ಮತ್ತೆ ತಂದಿತು. ಮಗುಚಿದ ಬುಟ್ಟಿಗಳಿಂದ ಬಳಚು ತವರಿಗೆ ಮರಳಿತು. ಮೂರು ದಿನ ಇದೇ ಕಥೆ; ಕಟ್ಟಿದ ಯಾವ ಹಗ್ಗವೂ ನಿಲ್ಲಲಿಲ್ಲ. ಕೇರಿಯಲ್ಲಿ ಒಂದು ಮನೆಯಲ್ಲೂ ಬಳಚಿನ ಸಾರಿಲ್ಲ.

ನಾಲ್ಕನೆಯ ದಿನ ಲಕ್ಕಿ ಅಂಗಳಕ್ಕೇ ಬಂದಳು. "ತಮಾ ವೆಂಕಟಾ, ನಮ್ಮ ಹೊಟ್ಟೆಪಾಡು ಇದು. ಆ ಕರಡಿನ ಯಾರಿಗಾದ್ರೂ ಕೊಟ್ಬಿಡು. ಇಲ್ದಿದ್ರೆ ನಿನ್ನವ್ವ ನಮ್ಮ ಸಂಗ್ತಿ ಹೊಳೆಗೆ ಬರೂದು ಬ್ಯಾಡ."

ತಿಮ್ಮಿ ತನ್ನ ಬುಟ್ಟಿಯನ್ನು ಮೂಲೆಯಲ್ಲಿ ಕವುಚಿ ಇಟ್ಟಳು. ನಲವತ್ತು ವರ್ಷ ಜೊತೆಗೆ ನೀರಿಗಿಳಿದವರ ಮಾತು ಅದು. ಆ ಬುಟ್ಟಿಯನ್ನು ಕಂಡು ವೆಂಕಟ ಮೆತ್ತಗಾದ. ಆದರೆ ಬಾಯಿ ತನ್ನ ಚಾಳಿ ಬಿಡಲಿಲ್ಲ. "ಹದಿನೈದು ದಿನ ಕೊಡು ಲಕ್ಕಕ್ಕ! ಇದ್ಕೆ ಬುದ್ಧಿ ಕಲಿಸ್ತೆ. ಆಗದಿದ್ರೆ ಕೊಟ್ಬಿಡ್ತೆ, ಆತು?"

ಪಾಠಕ್ರಮ ಸರಳ. ವೆಂಕಟ ನೀರಿಗಿಳಿದು "ಅಯ್ಯೋ ಸತ್ತೆ!" ಎಂದು ಕೂಗಬೇಕು. ಕ್ಯಾಪ್ಟನ್ ದಡದಲ್ಲಿ ಅಲ್ಲಾಡದೆ ಕೂತರೆ ರೇಖಾ ಒಂದು ಬೇಯಿಸಿದ ಬಂಗಡೆ ಮೀನು ಕೊಡಬೇಕು. ಮೊದಲ ವಾರ ವೆಂಕಟನ ಐದು ಅಂಗಿಗಳು ಹುತಾತ್ಮವಾದವು. ಎರಡನೆಯ ವಾರ ಕ್ಯಾಪ್ಟನ್‌ಗೆ ಜ್ಞಾನೋದಯವಾಯಿತು: ಜೀವ ಉಳಿಸಿದರೆ ಬೈಗುಳ, ಸುಮ್ಮನೆ ಕೂತು ನೋಡಿದರೆ ಬಂಗಡೆ! ಈ ದೇಶದಲ್ಲಿ ಬಾಳಲು ಬೇಕಾದ ವಿದ್ಯಾಭ್ಯಾಸ ಅಲ್ಲಿಗೆ ಪೂರ್ಣಗೊಂಡಿತು.

ಪರೀಕ್ಷೆಯ ದಿನ. ವೆಂಕಟ ನೀರಿಗಿಳಿದು ಕೂಗಿದ. ಕ್ಯಾಪ್ಟನ್ ಕೂತೇ ಇತ್ತು. ಹೆಂಗಸರು ಮುಳುಗಿದರು, ಎದ್ದರು, ಕೂತೇ ಇತ್ತು!

"ಕಂಡ್ರಾ? ಕಲಿಸಿದ್ದು ಯಾರು!" ಎಂದು ವೆಂಕಟ ಎದೆ ಉಬ್ಬಿಸಿದ. ಅಷ್ಟಕ್ಕೇ ದಡ ಹತ್ತಬಾರದಿತ್ತೆ? "ಇನ್ನೂ ಆಳಕ್ಕೆ ಹೋಗಿ ತೋರಿಸ್ತೆ ನೋಡಿ!" ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದ. ಅದು ಮರಳು ಮುಗಿದು ರಾಡಿ ಶುರುವಾಗುವ ಜಾಗ. ಎರಡೂ ಕಾಲು ಮೊಣಕಾಲಿನವರೆಗೆ ಹೂತವು. ನೀರು ಗದ್ದಕ್ಕೆ ಬಂತು.

"ಅಯ್ಯೋ ಸತ್ತೆ!"

ಕ್ಯಾಪ್ಟನ್ ಇನ್ನಷ್ಟು ನೆಟ್ಟಗೆ ಕೂತಿತು. ರೇಖಾ ಬಂಗಡೆ ಕೊಟ್ಟಳು.

"ರೇಖಾ, ಖರೇ ಸತ್ತೆ ಮಾರಾಯ್ತಿ!"

"ಇವತ್ತು ಎಷ್ಟು ಚಂದ ಕೂಗ್ತೀರಿ! ಇನ್ನೊಂದ್ಸಲ!" ಎರಡನೆಯ ಬಂಗಡೆ.

"ಕ್ಯಾಪ್ಟಾ, ಬಾರೋ! ನಾನು ನಿನ್ನ ಯಜಮಾನ!"

ಕ್ಯಾಪ್ಟನ್ ಯಜಮಾನನನ್ನು ಪ್ರೀತಿಯಿಂದ ನೋಡುತ್ತ ಬಾಲ ಅಲ್ಲಾಡಿಸಿತು. ಮೂರನೆಯ ಬಂಗಡೆ. ಹೆಂಗಸರಿಂದ ಚಪ್ಪಾಳೆ!

ತಿಮ್ಮಿಗೆ ಮಾತ್ರ ಅನುಮಾನ ಬಂತು. "ಹೇ, ಇದು ನಾಟ್ಕ ಅಲ್ಲ! ಶಾಲೆ ನಾಟ್ಕದಾಗೆ ಮರದ ಪಾರ್ಟು ಕೊಟ್ರೆ ನಿಂತಲ್ಲೇ ಬಿದ್ದವ ಇವ. ಇಷ್ಟು ಚಂದ ಇವಂಗೆ ಬರೂದಿಲ್ಲ!"

ಎಂದವಳೇ ನೀರು ಸೀಳಿಕೊಂಡು ಹೋಗಿ ಮಗನ ಕಾಲರ್ ಹಿಡಿದಳು. ಲಕ್ಕಿ ರಟ್ಟೆ ಹಿಡಿದಳು. ಇಬ್ಬರೂ ಸೇರಿ ಕೆಸುವಿನ ಗಡ್ಡೆ ಕಿತ್ತಂತೆ ಕಿತ್ತು, ದಡದಲ್ಲಿ ಬೋರಲು ಹಾಕಿದರು. ಪಂಚೆ ಅಘನಾಶಿನಿಗೆ ಕಾಣಿಕೆಯಾಯಿತು. ಕ್ಯಾಪ್ಟನ್ ಬಂದು ಬಂಗಡೆ ವಾಸನೆಯ ನಾಲಿಗೆಯಿಂದ ಮುಖ ನೆಕ್ಕಿ ಸಾಂತ್ವನ ಹೇಳಿತು.

ಲಕ್ಕಿ ಏದುಸಿರು ಬಿಡುತ್ತ ಕೇಳಿದಳು: "ಈಗೆಂತ ಮಾಡೂದು ತಿಮ್ಮಕ್ಕ? ನಾಯಿನ ಕೊಡ್ತ್ಯಾ, ಇಟ್ಕಂತ್ಯಾ?"

"ನಾಯಿನ ಎಂತಕ್ಕೆ ಕೊಡೂದು? ಹೇಳಿದ ಮಾತು ಕೇಳ್ತದೆ," ಎಂದಳು ತಿಮ್ಮಿ ಸೆರಗು ಹಿಂಡುತ್ತ. "ಕೊಡೂದೇ ಆದ್ರೆ ಇವನ್ನ ಕರ್ಕಂಡು ಹೋಗು. ನಾಯಿಗಿಂತ ಊಟನೂ ಕಮ್ಮಿ."