ಹರಿದ ಅಂಗಿಯ ಜೇಬು

ದೇಸಾಂಕಾ: ಮೊದಲು ಅದರಿಂದ ಇಳಿ. ಅದು ಮಗುವನ್ನ ಮಲಗಿಸೋ ತಳ್ಳುಗಾಡಿ, ನೀನು ಹತ್ತೋ ಬಂಡಿ ಅಲ್ಲ.

ತಿಹೋಮಿರ್: ಹತ್ತಿಲ್ಲಮ್ಮಾ, ಒಂದು ಮೊಣಕಾಲು ಊರಿದ್ದೆ ಅಷ್ಟೆ. ಸ್ಪ್ರಿಂಗು ಎಷ್ಟು ತಡೆಯುತ್ತೆ ಅಂತ ನೋಡಬೇಕಲ್ಲ.

ದೇಸಾಂಕಾ: ನಿನ್ನ ಮಗು ಎಷ್ಟು ತೂಕ?

ತಿಹೋಮಿರ್: ಮೂರು ಕಿಲೋ ಒಂಬೈನೂರು ಗ್ರಾಂ! ಇಡೀ ವಾರ್ಡಿಗೇ ಜಾಸ್ತಿ!

ದೇಸಾಂಕಾ: ನಿನ್ನ ಮೊಣಕಾಲು?

ಜ್ವೊಂಕೊ: ಗಾಡಿ ಅಂದ್ಮೇಲೆ ಗಟ್ಟಿ ಇರಬೇಕಮ್ಮಾ. ಇದರ ಚಕ್ರ ನೋಡಿ, ಹೊಲದಲ್ಲಿ ಬಿಟ್ರೂ ಹೂತುಕೊಳ್ಳಲ್ಲ.

ದೇಸಾಂಕಾ: ಮಗುವನ್ನ ಹೊಲ ಉಳೋದಕ್ಕೆ ಕಳಿಸ್ತೀರಾ?

ನಿಶ್ ನಗರದ ಸಂತೆಬೀದಿಯಲ್ಲಿ ಮಕ್ಕಳ ಸಾಮಾನಿನ ಅಂಗಡಿ ಇಟ್ಟು ದೇಸಾಂಕಾಗೆ ಇಪ್ಪತ್ತೇಳು ವರ್ಷವಾಗಿತ್ತು. ಹಾಡಹಗಲೇ ಅಂಗಿಯಿಲ್ಲದ ಗಂಡಸು ಒಳಗೆ ಬಂದರೆ ಅವಳು ಗಾಬರಿಯಾಗುತ್ತಿರಲಿಲ್ಲ, 'ಗಂಡೋ ಹೆಣ್ಣೋ' ಎಂದು ಕೇಳುತ್ತಿದ್ದಳು. ಮಗು ಹುಟ್ಟಿದ ಸುದ್ದಿ ಬಂದ ಕೂಡಲೇ ತಂದೆಯಾದವನ ಅಂಗಿಯನ್ನು ಗೆಳೆಯರು ಅವನ ಮೈಮೇಲೇ ಹರಿದು ಚಿಂದಿ ಮಾಡುವುದು ಅಲ್ಲಿಯ ಸಂಭ್ರಮ. ಹೆತ್ತವಳಿಗೆ ಹೊಲಿಗೆ ಬೀಳುತ್ತದೆ, ಅವನ ಅಂಗಿ ಹರಿಯುತ್ತದೆ. ಮೈಕೈ ನೋವೆಂದು ಎರಡು ದಿನ ಮಲಗುವವನು ಮಾತ್ರ ಅವನೇ.

ಈ ತಿಹೋಮಿರನ ಮೈಮೇಲೆ ಈಗ ಇದ್ದದ್ದು ಜ್ವೊಂಕೊನ ಕೋಟು. ತೋಳು ಮೊಣಕೈಯಿಂದ ನಾಲ್ಕು ಬೆರಳು ದಾಟಿ ನಿಂತಿತ್ತು. ಕೋಟಿನ ಒಳಗೆ ಬರೀ ಎದೆ. ಆದರೆ ಕುತ್ತಿಗೆಗೆ ಒಂದು ನೀಲಿ ಕೊರಳಪಟ್ಟಿ, ಗುಂಡಿ ಹಾಕಿದ್ದು ಹಾಕಿದ ಹಾಗೇ ಉಳಿದಿತ್ತು. ಜ್ವೊಂಕೊ ಅವನ ಮದುವೆಯಲ್ಲಿ ಸಾಕ್ಷಿ ನಿಂತವನು, ಮುಂದೆ ಚರ್ಚಿನಲ್ಲಿ ಮಗುವಿಗೆ ಹೆಸರಿಡಬೇಕಾದವನು. ಆ ಸಂಬಂಧಕ್ಕೆ ಅಲ್ಲಿ 'ಕೂಮ' ಎನ್ನುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ. ಒಡಹುಟ್ಟಿದವರಿಗಿಂತ ಹೆಚ್ಚು. ಅಂಗಿಗೆ ಮೊದಲು ಕೈ ಹಾಕಿದವನೂ ಅವನೇ.

ದೇಸಾಂಕಾ: ನೋಡಪ್ಪಾ, ಇನ್ನೊಂದು ಸಲ ಕೇಳ್ತೀನಿ. ಸಾಮಾನು ಯಾರ ಹೆಸರಲ್ಲಿ ತೆಗೆದಿಟ್ಟಿದೆ?

ತಿಹೋಮಿರ್: ತೆಗೆದಿಟ್ಟಿದ್ರೆ ನನ್ನ ಹೆಸರಲ್ಲೇ ಇರಬೇಕಲ್ಲ. ತಿಹೋಮಿರ್ ರಾದೆಂಕೊವಿಚ್.

ದೇಸಾಂಕಾ: ಆ ಹೆಸರಲ್ಲಿ ಒಂದು ಕಾಲುಚೀಲವೂ ಇಲ್ಲ ಅಂತ ಆಗಲೇ ಹೇಳಿದೆ.

ಜ್ವೊಂಕೊ: ಹಾಗಾದ್ರೆ ನನ್ನ ಹೆಸರಲ್ಲಿ ನೋಡಿ.

ದೇಸಾಂಕಾ: ನೀನೂ ಹೆತ್ತಿದ್ದೀಯಾ?

ಹುಟ್ಟುವ ಮೊದಲು ಮಗುವಿನ ಒಂದು ಟೋಪಿಯೂ ಹೊಸಿಲು ದಾಟಿ ಮನೆಯೊಳಗೆ ಬರಬಾರದು, ಬಂದರೆ ಕೇಡು ಎಂದು ಅಲ್ಲಿಯ ಅತ್ತೆಯರು ಹೇಳುತ್ತಾರೆ. ಹಾಗಾಗಿ ಹೆಂಗಸರು ಏಳನೇ ತಿಂಗಳಲ್ಲಿ ಬಂದು, ಒಂದೊಂದನ್ನೂ ಮುಟ್ಟಿ ಅಳೆದು ಆರಿಸಿ, ಹೆಸರು ಬರೆಸಿ, ದೇಸಾಂಕಾಳ ಹಿಂದಿನ ಕೋಣೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಹೆರಿಗೆಯಾದ ಮೇಲೆ ಗಂಡಂದಿರು ಬಂದು ಹೊತ್ತುಕೊಂಡು ಹೋಗಿ, 'ಎಲ್ಲಾ ನಾನೇ ತಂದೆ' ಎನ್ನುತ್ತಿದ್ದರು. ಆ ಕೋಣೆಯಲ್ಲಿ ಈಗಲೂ ಹನ್ನೊಂದು ಗಂಟು ಕಾಯುತ್ತಿದ್ದವು.

ದೇಸಾಂಕಾ: ಹೆಂಡತಿ ಏನೂ ಬರೆದು ಕೊಟ್ಟಿಲ್ವಾ?

ತಿಹೋಮಿರ್: ಕೊಟ್ಟಿದ್ಲು. ಆಸ್ಪತ್ರೆ ಬಾಗಿಲಲ್ಲಿ ನೋವು ತಿನ್ನುತ್ತಾ ನಿಂತು, ಚೀಟಿ ಚೀಟಿ ಅಂತ ನನ್ನ ಜೇಬಿಗೆ ಅವಳೇ ತುರುಕಿದ್ಲು.

ದೇಸಾಂಕಾ: ತೆಗಿ ಮತ್ತೆ.

ತಿಹೋಮಿರ್: ಅಂಗಿ ಜೇಬಿಗೆ.

ದೇಸಾಂಕಾ ಅವನ ಕೊರಳಪಟ್ಟಿಯನ್ನು ನೋಡಿದಳು. ಅದರ ಕೆಳಗೆ ಜೇಬು ಇರಬೇಕಾದ ಕಡೆ ಒಂದಿಷ್ಟು ಎದೆಗೂದಲಿತ್ತು.

ದೇಸಾಂಕಾ: ಓದಿಯಾದ್ರೂ ನೋಡಿದ್ಯಾ?

ತಿಹೋಮಿರ್: ಆಮೇಲೆ ಓದೋಣ ಅಂತಿದ್ದೆ. ಅಷ್ಟರಲ್ಲಿ ಹೆರಿಗೆ ಆಗೋಯ್ತು.

ದೇಸಾಂಕಾ: ಅವಳಿಗೂ ಆಮೇಲೆ ಹೆರೋಣ ಅನಿಸಬಹುದಿತ್ತು, ಪಾಪ. ಫೋನು ಮಾಡಿ ಕೇಳು.

ತಿಹೋಮಿರ್: ಅಯ್ಯೋ, ಬೇಡಮ್ಮಾ! 'ಇದೊಂದು ಕೆಲಸ ಮಾಡು, ನಿನ್ನನ್ನ ಇನ್ನೇನೂ ಕೇಳಲ್ಲ' ಅಂದಿದ್ಲು. ಬೆಳಿಗ್ಗೆ ಆಸ್ಪತ್ರೆ ಕಿಟಕಿ ಕೆಳಗೆ ನಿಂತು ಎಲ್ಲಾ ತಂದಾಯ್ತು ಅಂತ ಕೂಗಿ ಹೇಳಿಬಿಟ್ಟಿದ್ದೀನಿ.

ದೇಸಾಂಕಾ: ಮನೆಗೆ ಯಾವತ್ತು ಕಳಿಸ್ತಾರೆ?

ತಿಹೋಮಿರ್: ನಾಳೆ ಬೆಳಿಗ್ಗೆ ಹತ್ತಕ್ಕೆ.

ಜ್ವೊಂಕೊ: ಅದಕ್ಕೇ ನಾವೇ ಆರಿಸ್ತಿದ್ದೀವಿ. ಇದರಲ್ಲೇನಿದೆ ಬ್ರಹ್ಮವಿದ್ಯೆ? ನನ್ನ ಕೂಮ ಎರಡು ಕಾರು ಕೊಂಡವನು.

ತಿಹೋಮಿರ್: ಡೈಪರ್ ನಾಲ್ಕನೇ ನಂಬರು ಹಾಕಿ. ಹತ್ತತ್ತಿರ ನಾಲ್ಕು ಕಿಲೋ ಅಲ್ವಾ.

ದೇಸಾಂಕಾ: ನಾಲ್ಕನೇ ನಂಬರು ಒಂಬತ್ತು ಕಿಲೋ ಮಗುವಿಗೆ. ಅದರೊಳಗೆ ನಿನ್ನ ಮಗಳನ್ನ ಇಟ್ರೆ ಬರೀ ಟೋಪಿ ಕಾಣುತ್ತೆ.

ತಿಹೋಮಿರ್: ಬೆಳೀತಾಳಲ್ಲ!

ದೇಸಾಂಕಾ: ಬೆಳೀತಾಳೆ. ಅಲ್ಲೀವರೆಗೆ ಬಟ್ಟೆ, ಹಾಸಿಗೆ ಎಲ್ಲಾ ಒದ್ದೆ. ಒಗೆಯೋರು ಯಾರು?

ತಿಹೋಮಿರ್: ಮಿಷನ್ ಇದೆಯಲ್ಲ.

ದೇಸಾಂಕಾ: ಅದಕ್ಕೆ ಬಟ್ಟೆ ಹಾಕೋದು?

ತಿಹೋಮಿರ್: ...ಅದು ಅವಳಿಗೆ ಗೊತ್ತು.

ದೇಸಾಂಕಾ: ಒಣಗಿಸೋದು?

ತಿಹೋಮಿರ್: ಈ ಕ್ಯಾಮೆರಾ ಎಷ್ಟು ಚೆನ್ನಾಗಿದೆ ನೋಡೋ ಕೂಮ! ಮಗು ಅತ್ರೆ ಇಲ್ಲಿ ಕೆಂಪು ದೀಪ ಹತ್ತುತ್ತೆ.

ದೇಸಾಂಕಾ: ನಿಮ್ಮ ಮನೇಲಿ ಎಷ್ಟು ಕೋಣೆ?

ತಿಹೋಮಿರ್: ಒಂದೂವರೆ.

ದೇಸಾಂಕಾ: ಮಗು ಅತ್ರೆ ಮೇಲಿನವರಿಗೂ ಕೆಳಗಿನವರಿಗೂ ಕೇಳುತ್ತೆ, ನಿನಗೆ ಕೇಳಲ್ವಾ?

ತಿಹೋಮಿರ್: ನನಗೆ ನಿದ್ದೆ ಗಾಢ. ಪಕ್ಕದಲ್ಲಿ ಡೋಲು ಬಡಿದ್ರೂ ಏಳಲ್ಲ.

ದೇಸಾಂಕಾ: ಅದಕ್ಕೆ ಬೇಕಾದ ಯಂತ್ರ ಇನ್ನೂ ಬಂದಿಲ್ಲಪ್ಪಾ. ಬಂದ್ರೆ ಮೊದಲು ನಾನೇ ನೂರು ತರಿಸ್ತೀನಿ.

ಜ್ವೊಂಕೊ ಅಷ್ಟರಲ್ಲಿ ಗಾಜಿನ ಕಪಾಟಿನಿಂದ ಹಾಲು ಹಿಂಡುವ ಪಂಪನ್ನು ಎತ್ತಿಕೊಂಡು ಕಿವಿಗೆ ಹಚ್ಚಿ ನೋಡುತ್ತಿದ್ದ. ದೇಸಾಂಕಾ ಅದನ್ನು ಅವನ ಕೈಯಿಂದ ತೆಗೆದಿಟ್ಟಳು. ಏನದು ಎಂದು ಅವನು ಕೇಳಲಿಲ್ಲ, ಇವಳು ಹೇಳಲೂ ಇಲ್ಲ.

ಜ್ವೊಂಕೊ: ಹೆಣ್ಣುಮಗು ಅಂತ ನಾವೇನೂ ಕಮ್ಮಿ ಮಾಡಿಲ್ಲ ಗೊತ್ತಾ. ಗಂಡು ಹುಟ್ಟಿದ್ರೆ ಹೇಗೆ ಹರೀತಿದ್ವೋ ಹಾಗೇ ಹರಿದಿದ್ದೀವಿ. ಚೂರುಗಳನ್ನ ನಾವು ಕುಡಿಯೋಕೆ ಕೂರೋ ಕಫಾನಾದ ಮುಂದಿನ ಪೇರು ಮರಕ್ಕೆ ನೇತುಹಾಕಿದ್ದೀವಿ. ಬೀದಿಗೆಲ್ಲಾ ರಕಿಯಾ ಕುಡಿಸಿದ್ದೀವಿ.

ದೇಸಾಂಕಾ: ಎಷ್ಟು ದೊಡ್ಡ ಮನಸ್ಸು ನಿಮ್ಮದು! ಏನಂದೆ? ಮರಕ್ಕೆ?

ಜ್ವೊಂಕೊ: ಹೂಂ, ಇನ್ನೂ ನೇತಾಡ್ತಿದೆ.

ದೇಸಾಂಕಾ: ಹಾಗಾದ್ರೆ ಜೇಬೂ ಅಲ್ಲೇ ನೇತಾಡ್ತಿರಬೇಕು. ಇಬ್ಬರು ಗಂಡಸರ ತಲೆಗೂ ಇದು ಹೊಳೀಲಿಲ್ವಾ? ಓಡು!

ಜ್ವೊಂಕೊ ಕೂಮನ ಮುಖ ನೋಡಿದ, ಕೂಮ ಇವನ ಮುಖ ನೋಡಿದ. ನಿಜವಾಗಿಯೂ ಹೊಳೆದಿರಲಿಲ್ಲ. ಜ್ವೊಂಕೊ ಓಡಿದ. ಅಂಗಡಿಯಲ್ಲಿ ಸ್ವಲ್ಪ ಗಾಳಿಯಾಡಿದಂತಾಯಿತು.

ತಿಹೋಮಿರ್: ಚೀಟಿ ಸಿಗಲಿ ಬಿಡಲಿ, ಈ ಗಾಡಿ ಮಾತ್ರ ಖಾಯಂ. ನಾಲ್ಕೂ ಚಕ್ರಕ್ಕೆ ಬ್ರೇಕು, ಮಂಜಿಗೂ ಹೆದರಲ್ಲ, ಲೋಟ ಇಡೋದಕ್ಕೂ ಜಾಗ ಇದೆ.

ದೇಸಾಂಕಾ: ಲೋಟ ಯಾರದು? ಮಗುವಿನದಾ, ಕೂಮನದಾ? ಎಷ್ಟನೇ ಮಹಡಿ ನಿಮ್ಮದು?

ತಿಹೋಮಿರ್: ಎಂಟನೇದು.

ದೇಸಾಂಕಾ: ಇದು ಹದಿನೇಳು ಕಿಲೋ.

ತಿಹೋಮಿರ್: ಲಿಫ್ಟ್ ಇದೆ. ಬಾಗಿಲು ಸ್ವಲ್ಪ ಚಿಕ್ಕದು. ಫ್ರಿಜ್ಜು ತಂದಾಗ ನಾಲ್ಕು ಜನ ಮೆಟ್ಟಿಲಲ್ಲೇ ಹೊತ್ತು ತರಬೇಕಾಯ್ತು. ಆದ್ರೆ ಫ್ರಿಜ್ಜು ಒಂದೇ ಸಲ ಅಲ್ವಾ.

ದೇಸಾಂಕಾ: ಗಾಡಿ?

ತಿಹೋಮಿರ್: ಅವಳು ಹೇಗೂ ನಲವತ್ತು ದಿನ ಹೊರಗೆ ಹೋಗೋ ಹಾಗಿಲ್ಲ. ಬಾಣಂತಿ.

ದೇಸಾಂಕಾ: ನಲವತ್ತೊಂದನೇ ದಿನ?

ತಿಹೋಮಿರ್: ಆಗ ನೋಡಿಕೊಂಡ್ರಾಯ್ತು.

ದೇಸಾಂಕಾ: ನೀನೇನು ನೋಡ್ತೀಯಾ? ಆ ಹೊತ್ತಿಗೆ ನೀನು ಕೆಲಸದಲ್ಲಿರ್ತೀಯಾ. ಅವಳು ಮಗುವನ್ನ ಎತ್ತಿಕೊಂಡು ಎಂಟನೇ ಮಹಡಿ ಕಿಟಕೀಲಿ ನಿಂತು, ಕೆಳಗೆ ನಿಂತಿರೋ ನಿನ್ನ ನಾಲ್ಕು ಬ್ರೇಕು ನೋಡ್ತಾ ಇರಬೇಕು. ಒಂದು ಚಳಿಗಾಲ ಪೂರ್ತಿ. ಬಾಗಿಲು ಎಷ್ಟು ಅಗಲ, ಅಳೆದಿದ್ಯಾ?

ತಿಹೋಮಿರ್: ಅದನ್ನೆಲ್ಲಾ ಯಾರು ಅಳೀತಾರಮ್ಮಾ? ಯಾರೂ ಅಳೆಯಲ್ಲ.

ಆ ಮಾತಿಗೆ ದೇಸಾಂಕಾಳ ಕೈ ಗಾಡಿಯ ಹಿಡಿಯ ಮೇಲೇ ನಿಂತಿತು. ಒಬ್ಬಳು ಅಳೆದಿದ್ದಳು. ಆಗಸ್ಟಿನ ಬಿಸಿಲಿನಲ್ಲಿ, ಊಟದ ಬಿಡುವಿನಲ್ಲಿ ಕಚೇರಿಯಿಂದ ಓಡಿ ಬಂದಿದ್ದಳು. ಪೊರಕೆಯ ಹಿಡಿಯನ್ನು ಲಿಫ್ಟಿನ ಬಾಗಿಲಿನಷ್ಟೇ ಉದ್ದಕ್ಕೆ ಕತ್ತರಿಸಿ ಕಂಕುಳಲ್ಲಿಟ್ಟುಕೊಂಡು ತಂದಿದ್ದಳು. ಅಂಗಡಿಯ ಹದಿನಾಲ್ಕು ಗಾಡಿಗೂ ಆ ಕೋಲನ್ನು ಅಡ್ಡ ಹಿಡಿದು ನೋಡಿ, ಹದಿಮೂರನ್ನು ಪಕ್ಕಕ್ಕೆ ತಳ್ಳಿದ್ದಳು. ಮೂರು ದಿನ ಹಾಗೇ ಬಂದಿದ್ದಳು, ಊಟ ಬಿಟ್ಟು.

ದೇಸಾಂಕಾ: ನಿನ್ನ ಹೆಂಡತಿ ಹೆಸರೇನು?

ತಿಹೋಮಿರ್: ಅವಳ ಹೆಸರು ಯಾಕೆ? ತಗೊಳ್ತಿರೋದು ನಾನು.

ದೇಸಾಂಕಾ: ಒಂದು ಗಂಟೆಯಿಂದ ನಿನ್ನ ಹೆಸರು ಹೇಳಿದೆ, ಕೂಮನ ಹೆಸರು ಹೇಳಿದೆ, ಮಗು ತೂಕ ನಾಲ್ಕು ಸಲ ಹೇಳಿದೆ. ಹೆತ್ತವಳಿಗೂ ಒಂದು ಹೆಸರು ಇಟ್ಟಿರಬೇಕಲ್ಲ?

ತಿಹೋಮಿರ್: ಸೆಂಕಾ. ಆದ್ರೆ ಅವಳು ಇಲ್ಲಿಗೆ ಬಂದೇ ಇಲ್ಲಮ್ಮಾ, ಊರಿನ ಗಂಡಂದಿರೆಲ್ಲಾ ಇಲ್ಲಿಗೇ ಬರ್ತಾರೆ ಅಂತ ನಾವು ಬಂದಿದ್ದು. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗ್ತಾಳೆ? ಹೋಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?

ದೇಸಾಂಕಾ ಹಿಂದಿನ ಕೋಣೆಗೆ ಹೋದಳು. ಬಂದಾಗ ಮುಂದೆ ಒಂದು ಸಣ್ಣ ಬೂದು ಬಣ್ಣದ ಗಾಡಿ, ಅದರ ಮೇಲೆ ಎರಡು ಗಂಟು, ಗಂಟಿನ ಮೇಲೆ ಅಡ್ಡಲಾಗಿ ಪೊರಕೆಯ ಹಿಡಿ. ಗಂಟಿಗೆ ಕಟ್ಟಿದ ಕಾಗದದಲ್ಲಿ ದೊಡ್ಡಕ್ಷರದಲ್ಲಿ 'ಸೆಂಕಾ ಪೆಶಿಚ್' ಎಂದಿತ್ತು. ಮದುವೆಯಾದ ಮೇಲೂ ಅವಳು ತೌರಿನ ಹೆಸರನ್ನೇ ಉಳಿಸಿಕೊಂಡಿದ್ದಳು.

ತಿಹೋಮಿರ್: ಅರೆ! ಇದು ನಮ್ಮ ಪೊರಕೆ! ಹಿಡಿ ಮುರಿದುಹೋಯ್ತು ಅಂದಿದ್ಲು. ಎರಡು ತಿಂಗಳಿಂದ ಬಗ್ಗಿ ಬಗ್ಗಿ ಗುಡಿಸ್ತಿದ್ಲು, ಏಳು ತಿಂಗಳ ಹೊಟ್ಟೇಲಿ.

ದೇಸಾಂಕಾ: ನೀನೇನು ಮಾಡ್ತಿದ್ದೆ?

ತಿಹೋಮಿರ್: ಹೊಸದು ತಗೋ ಅಂದೆ.

ಬಾಗಿಲು ದಡಾರನೆ ತೆರೆಯಿತು. ಜ್ವೊಂಕೊ ಏದುಸಿರು ಬಿಡುತ್ತಾ ಬಂದು, ಮುಷ್ಟಿಯಲ್ಲಿದ್ದ ನೀಲಿ ಚಿಂದಿಯನ್ನು ಕಟ್ಟೆಯ ಮೇಲೆ ಹಾಕಿದ. ಜೇಬು ಪೂರ್ತಿಯಾಗಿತ್ತು, ಒಳಗಿನ ಚೀಟಿಯೂ ಪೂರ್ತಿಯಾಗಿತ್ತು.

ಜ್ವೊಂಕೊ: ಸಿಕ್ತು! ಅತ್ಲಾಗೆ ಸರಿ ಕೂಮ, ಓದ್ತೀನಿ. 'ಒಂದು: ಹಳೇ ಅಂಗಿ ಹಾಕಿಕೋ, ಹೇಗೂ ಹರೀತಾರೆ. ಮದುವೆಯಾಗಿ ವರ್ಷ ತುಂಬಿದಾಗ ನಾನು ಕೊಡಿಸಿದ ನೀಲಿ ಅಂಗಿ ಮುಟ್ಟಬೇಡ, ಮೈಮೇಲಿದ್ರೆ ಮೊದಲು ಬಿಚ್ಚಿಡು.'

ತಿಹೋಮಿರನ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು.

ಜ್ವೊಂಕೊ: 'ಎರಡು: ಸಂತೆಬೀದಿ ದೇಸಾಂಕಾ ಅಂಗಡಿಗೆ ಹೋಗಿ ನನ್ನ ಹೆಸರು ಹೇಳು. ಮೂರು: ಕೊಟ್ಟಿದ್ದನ್ನ ತಗೊಂಡು ಬಾ. ನೀನಾಗಿ ಏನನ್ನೂ ಆರಿಸಬೇಡ. ನಾಲ್ಕು...'

ದೇಸಾಂಕಾ: ಯಾಕಪ್ಪಾ ನಿಲ್ಲಿಸಿದೆ? ಓದು.

ಜ್ವೊಂಕೊ: 'ನಾಲ್ಕು: ಜ್ವೊಂಕೊನನ್ನ ಕರ್ಕೊಂಡು ಹೋಗಬೇಡ.'

ಜ್ವೊಂಕೊ ಚೀಟಿಯನ್ನು ತಿರುಗಿಸಿ ನೋಡಿದ, ಬೆನ್ನಲ್ಲಿ ಏನಾದರೂ ಸಮಾಧಾನದ ಮಾತಿದೆಯೇನೋ ಎಂದು. ಇರಲಿಲ್ಲ.

ತಿಹೋಮಿರ್: ಅಂಗಡಿಗಂತೂ ಸರಿಯಾಗೇ ಬಂದಿದ್ದೀನಲ್ಲ? ಅಮ್ಮಾ, ಒಂದು ಮಾತು. ಚೀಟಿ ಕಳೆದಿತ್ತು ಅಂತ ಮಾತ್ರ ಅವಳಿಗೆ ಹೇಳಬೇಡಿ. ಈ ಗಾಡೀನೇ ತಗೊಂಡು ಹೋಗ್ತೀನಿ, ಕೋಲೂ ತಗೊಂಡು ಹೋಗ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ.

ದೇಸಾಂಕಾ: ಕಳೆದಿತ್ತು ಅಂತ ಹೇಳಲ್ಲ. ಮಾತು ಅಂದ್ರೆ ಮಾತು.

ಅವನು ಗಂಟುಗಳನ್ನು ಹೆಗಲಿಗೇರಿಸುವಷ್ಟರಲ್ಲಿ ಕಟ್ಟೆಯ ಮೇಲಿನ ಫೋನು ಬಡಿದುಕೊಂಡಿತು. ದೇಸಾಂಕಾ ಎತ್ತಿದಳು. ಆ ಕಡೆಯ ದನಿ ಸಣ್ಣದಾದರೂ ಅಂಗಡಿಗೆಲ್ಲಾ ಕೇಳುವಂತಿತ್ತು: 'ದೇಸಾಂಕಾ ಅಮ್ಮಾ, ನಾನು ಸೆಂಕಾ, ಕೋಲಿನವಳು. ನಮ್ಮನೆಯವನು ಬಂದಿದ್ನಾ? ಚೀಟಿ ತಂದಿದ್ನಾ?'

ತಿಹೋಮಿರ್ ಎರಡೂ ಕೈ ಮುಗಿದ. ಕೋಟು ತೆರೆದುಕೊಂಡಿತು.

ದೇಸಾಂಕಾ: ಬಂದಿದ್ದಾನೆ ಮಗಳೇ, ಇಲ್ಲೇ ಇದ್ದಾನೆ. ಚೀಟಿ ತಂದಿದ್ದಾನೆ, ಒಂದಕ್ಷರವೂ ಹರಿದಿಲ್ಲ. ಅಂಗಿ ಮಾತ್ರ ತಂದಿಲ್ಲ.

ಆ ಕಡೆ ಎಲ್ಲೋ ಒಂದು ಕೂಸು ಕಿರುಗುಟ್ಟಿತು. ಆಮೇಲೆ ಬಂತು: 'ನೀಲಿದಾ?'

ದೇಸಾಂಕಾ: ಕೊರಳಪಟ್ಟಿ ಉಳಿದಿದೆ ಕಣಮ್ಮಾ. ನಾಳೆ ಹತ್ತು ಗಂಟೆಗೆ ನೀನು ಹಿಡಿದು ಕೇಳೋದಕ್ಕೆ ಅಷ್ಟು ಸಾಕು.