ಮೂರು ಎಂಟಾದ ಗಡಿಯಾರ

ಹದಿನೆಂಟು ವರ್ಷ ಉಪಕರಣ ರಿಪೇರಿ ಮಾಡಿ ಹೊಟ್ಟೆ ಹೊರೆದವಳು ನಾನು. ಕೆಟ್ಟ ಯಂತ್ರ ನನ್ನನ್ನು ಕಂಡರೆ ಹೆದರಿ ತಾನೇ ಸರಿಹೋಗುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಕಣ್ಣು ಮಂಜಾಗುತ್ತಿದ್ದ ಅತ್ತೆ ದಿನಕ್ಕೆ ಇಪ್ಪತ್ತು ಸಲ "ಗಂಟೆ ಎಷ್ಟಮ್ಮಾ?" ಎನ್ನುತ್ತಿದ್ದರು. ಮಗನನ್ನು, ಅಂದರೆ ನನ್ನ ಗಂಡನನ್ನು, ಕೇಳಿದರೆ ಸಿಡುಕು. ಹೀಗಾಗಿ ಉಳಿದೆಲ್ಲ ಮನೆಗೆಲಸದಂತೆ ಆ ಪ್ರಶ್ನೆಯೂ ನನ್ನ ಪಾಲಿಗೇ ಬಂದಿತ್ತು. ಒಂದೇ ಭಾನುವಾರದಲ್ಲಿ ಇದನ್ನು ನಿಲ್ಲಿಸುತ್ತೇನೆಂದು ಪ್ರತಿಜ್ಞೆ ಮಾಡಿದೆ!

ನನ್ನ ರಿಪೇರಿ ಡಬ್ಬಿಯಲ್ಲಿ ಹಳೆಯ ನಿಕ್ಸಿ ಟ್ಯೂಬು ನಾಲ್ಕು ಇದ್ದವು; ಅವನ್ನೇ ಜೋಡಿಸಿ ಗಡಿಯಾರ ಮಾಡಿದೆ. ಗಾಜಿನ ಬುರುಡೆಯೊಳಗೆ ತಂತಿಯ ಅಂಕಿ ಕೆಂಡದಂತೆ ಹೊಳೆಯುತ್ತದೆ; ಮಂಜುಗಣ್ಣಿಗೂ ಕಾಣುತ್ತದೆ. ನಾಲ್ಕೂ ಒಟ್ಟಿಗೆ ಉರಿಯುವುದಿಲ್ಲ; ಒಂದಾದ ಮೇಲೊಂದು, ಕಣ್ಣಿಗೆ ತಿಳಿಯದಷ್ಟು ಬೇಗ. ಗಡಿಯಾರವೇನೋ ಬೆಳಗಿತು. ಆದರೆ ಒಂದರ ಅಂಕಿ ಇನ್ನೊಂದರಲ್ಲಿ ಭೂತದಂತೆ ಮಸುಕಾಗಿ ಇಣುಕುತ್ತಿತ್ತು. ಮಧ್ಯಾಹ್ನದ ಮೂರರ ಮೇಲೆ ಪಕ್ಕದ ಸೊನ್ನೆ ಕೂತು ಎಂಟಾಯಿತು. ಅತ್ತೆ ರಾತ್ರಿಯ ನಿದ್ದೆ ಮಾತ್ರೆ ನುಂಗಿ ಮಲಗಿಬಿಟ್ಟರು!

"ಗಡಿಯಾರ ಏಳಿಸ್ತೀನಿ ಅಂತ ನಮ್ಮಮ್ಮನ್ನ ಮಲಗಿಸ್ದೆಯಲ್ಲೇ" ಎಂದರು ಗಂಡ, ಸೋಫಾದಿಂದ, ಫೋನಿನಿಂದ ಕಣ್ಣೆತ್ತದೆ.

ಅತ್ತೆಯ ಉಸಿರಾಟ ಆಲಿಸುತ್ತಾ ಭೂತ ಬಿಡಿಸಲು ಕೂತೆ. ಧೂಳು ಒರೆಸಿದೆ, ಬೆಸುಗೆ ಬಿಚ್ಚಿ ಹಾಕಿದೆ, ತಂತಿ ಬದಲಿಸಿದೆ. ಭೂತ ಕದಲಲಿಲ್ಲ. ನಡುವೆ ಹಾಲು ಉಕ್ಕಿತು. ಓಡಿದೆ. ಅಷ್ಟರಲ್ಲಿ ಕಾದ ಬೆಸುಗೆ ಕಡ್ಡಿ ಉರುಳಿ ಮೇಜಿನ ಮೇಲಿದ್ದ ಗಂಡನ ಅಂಗಿ ತೂತಾಯಿತು. ವಾಪಸು ಓಡಿ ಬಂದು ನೋಡಿದರೆ ಕೈಯಲ್ಲಿ ಸೌಟು ಹಾಗೇ ಇತ್ತು!

ಆ ಸೌಟು ಕಂಡದ್ದೇ ರೋಗ ತಿಳಿಯಿತು. ಒಂದು ಕೆಲಸ ಕೈಬಿಡುವ ಮೊದಲೇ ಇನ್ನೊಂದಕ್ಕೆ ಓಡುವ ನನ್ನ ಹಾಗೆಯೇ, ಒಂದು ಟ್ಯೂಬು ಪೂರ್ತಿ ಆರುವ ಮೊದಲೇ ಇನ್ನೊಂದನ್ನು ಉರಿಸುತ್ತಿದ್ದೆ. ನಡುವೆ ಎಲ್ಲವೂ ಆರಿರುವ ಒಂದು ಕ್ಷಣ ಬೇಕು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಗದ ಪುರುಸೊತ್ತನ್ನು ಗಾಜಿನ ಬುರುಡೆಗೆ, ಗಡಿಯಾರ ನಡೆಸುವ ಪ್ರೋಗ್ರಾಮಿನ ಒಂದೇ ಸಾಲಿನಲ್ಲಿ ಬರೆದುಕೊಟ್ಟೆ. ಭೂತ ಮಾಯ! ಸಂಜೆಗೆ ಅತ್ತೆಯೂ ಎದ್ದರು.

ಮತ್ತೆ ಅವರು ಗಂಟೆ ಕೇಳಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಮನೆ ಮೌನವಾಯಿತು. ಗೆದ್ದೆನೆಂದು ಬೀಗಿದೆ. ಹೊಗಳಿಸಿಕೊಳ್ಳುವ ಚಪಲ ತಡೆಯದೆ, ಪಾತ್ರೆ ತೊಳೆಯುತ್ತಲೇ ಕೇಳಿದೆ, "ಚೆನ್ನಾಗಿ ಕಾಣ್ಸುತ್ತಾ ಅತ್ತೆ?"

"ಅಂಕಿ ಕಾಣ್ಸುತ್ತಮ್ಮ" ಎಂದರು ನನ್ನ ಬೆನ್ನ ಹಿಂದಿನಿಂದ. "ನಿನ್ನ ಮುಖ ಕಾಣ್ಸಲ್ಲ. ಮುಂಚೆ ಗಂಟೆ ಕೇಳ್ದಾಗಾದ್ರೂ ಒಂದ್ಸಲ ಈ ಕಡೆ ತಿರುಗ್ತಿದ್ದೆ."