ಕೆಂಪು ಕಾರಿನ ಬುಶ್ಶು

ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕುತ್ತಿರುತ್ತದೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತಿರುತ್ತದೆ. ನಮ್ಮ ಮನೆಯಲ್ಲಿ ಕಾರು ಕೆಡುತ್ತಿತ್ತು. ಅದೂ ಹೇಗೆ ಅಂತೀರಿ, ಒಳ್ಳೆಯ ಸೀರೆ ಉಟ್ಟು ಎಲ್ಲಿಗಾದರೂ ಹೊರಟ ದಿನ ನೋಡಿಕೊಂಡೇ ಕೆಡುತ್ತಿತ್ತು.

ಎಪ್ಪತ್ತರ ದಶಕದ ಮಾತು. ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಮ್ಮ ಬಿಡಾರ. ನನ್ನ ತವರು ಮೈಸೂರು, ನಮ್ಮವರದು ಧಾರವಾಡ. ಅವರು ಒಂದು ಕಾರು ಕಂಪನಿಯಲ್ಲಿ ಎಂಜಿನಿಯರು. ಹಾಗಂತ ಗೊತ್ತಾದರೆ ಸಾಕು, ಊರಿನ ಕನ್ನಡದವರೆಲ್ಲ ತಮ್ಮ ಕಾರಿನ ಕೆಮ್ಮು ನೆಗಡಿಗಳನ್ನು ತಂದು ಅವರ ಮುಂದೆ ನಿಲ್ಲಿಸುತ್ತಿದ್ದರು. ಪಾಪ, ನಮ್ಮವರು ಇದ್ದದ್ದು ಬಾಗಿಲಿನ ವಿಭಾಗದಲ್ಲಿ. ಬಾಗಿಲಿನ ಕೀಲು, ಬಾಗಿಲು ಮುಚ್ಚಿದಾಗ ಬರುವ ಸದ್ದು, ಇಷ್ಟೇ ಅವರ ಪ್ರಪಂಚ. ಎಂಜಿನ್ ಮುಂದುಗಡೆ ಇರುತ್ತದೆ ಅಂತ ಗೊತ್ತಿತ್ತು ಅನ್ನಿ.

ಎರಡು ಬಾಗಿಲು

ಆ ವರ್ಷ ವಸಂತದಲ್ಲಿ ಧಾರವಾಡದಿಂದ ಅತ್ತೆ ಬರುವವರಿದ್ದರು. ನಮ್ಮಲ್ಲಿದ್ದ ಹಳೇ ಕಾರು ಚಳಿಗಾಲದಲ್ಲೇ ಪ್ರಾಣ ಬಿಟ್ಟಿತ್ತು. ಹಿರಿಯರು ಹತ್ತಿ ಇಳಿಯುವುದಕ್ಕೆ ಅನುಕೂಲವಾಗುವಂಥ, ಅಗಲವಾದ ಸ್ಟೇಷನ್ ವ್ಯಾಗನ್ ಒಂದು ತರುತ್ತೇನೆ ಅಂತ ಹೇಳಿ ನಮ್ಮವರು ಶನಿವಾರ ಬೆಳಗ್ಗೆ ಹೋದರು. ಮಧ್ಯಾಹ್ನ ಬಂದಾಗ ಮನೆ ಮುಂದೆ ನಿಂತಿದ್ದು ಕುಂಕುಮದ ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಂಥ ಒಂದು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡು, ಆಟೊಮ್ಯಾಟಿಕ್ ಗೇರು, ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಒಂದು ತೆಂಗಿನಕಾಯಿಯನ್ನೂ ಅದರ ಪಕ್ಕ ನನ್ನನ್ನೂ ಕೂರಿಸಬಹುದಿತ್ತು, ಅಷ್ಟೇ ಜಾಗ.

ನಾನು ಕಾರಿನ ಸುತ್ತ ಒಂದು ಸಲ ನಡೆದು ಬಂದೆ. ಕೊನೆಗೆ ಕೇಳಿದೆ, "ಏನ್ರೀ, ಇದಕ್ಕೆ ಎರಡೇ ಬಾಗಿಲಲ್ವಾ?"

"ನಾ ದಿನಾ ಬಾಗ್ಲಾ ಮಾಡಾಂವ," ಅಂದರು ನಮ್ಮವರು. "ಒಳಗಿಂದು ನನಗ ಗೊತ್ತದ. ಬಾಗ್ಲಾ ಎಷ್ಟು ಕಡಿಮಿ ಇದ್ರ ಅಷ್ಟು ಛೊಲೊ."

ಹಿಮ್ಮುಖ

ಅತ್ತೆ ಬಂದರು. ಒಂಬತ್ತು ಗಜದ ಸೀರೆ, ಅದರ ಮೇಲೆ ನನ್ನ ಚಳಿಕೋಟು, ಕಾಲಿಗೆ ಮಗನ ಉಣ್ಣೆ ಕಾಲುಚೀಲ. ಹಿಂದಿನ ಸೀಟಿಗೆ ತೂರಲಾರದೆ ಮುಂದೆ ಕೂತರು. ನಾನು ಕೈಕಾಲು ಮಡಿಸಿಕೊಂಡು ಹಿಂದೆ ತೂರಿಕೊಂಡೆ. ಕಾರು ಅಷ್ಟು ತಗ್ಗಿದ್ದದ್ದು ಅವರಿಗೆ ಹಿಡಿಸಿತು. ನೆಲದ ಮೇಲೆ ಚಾಪೆ ಹಾಸಿ ಕೂತ ಹಾಗಿದೆ ಅಂದರು.

ಯುಗಾದಿಗೆ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಹಾಲಿನಲ್ಲಿ ಊಟ ಇಟ್ಟುಕೊಂಡಿದ್ದರು. ಶಾಲೆ ನಮ್ಮ ಮನೆಯಿಂದ ಒಂದು ಮೈಲಿಯೂ ಇಲ್ಲ. ಒಬ್ಬಟ್ಟು ತಿಂದು ಮನೆಗೆ ಹೊರಟೆವು. ಏಪ್ರಿಲ್ ಬಂದರೂ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ನಮ್ಮವರು ಗೇರನ್ನು ರಿವರ್ಸಿಗೆ ಹಾಕಿ ಕಾರನ್ನು ಹಿಂದಕ್ಕೆ ತೆಗೆದರು. ಆಮೇಲೆ ಮುಂದಕ್ಕೆ ಹೋಗಲು ಡ್ರೈವಿಗೆ ಹಾಕಿದರು. ಕಾರು ಹಿಂದಕ್ಕೇ ಹೋಯಿತು. ಮತ್ತೆ ಹಾಕಿದರು, ಮತ್ತೆ ಹಿಂದಕ್ಕೆ. ಗೇರಿನ ಹಿಡಿಕೆ ಮಾತ್ರ ಸಾರಿನೊಳಗಿನ ಸೌಟಿನ ಹಾಗೆ ಅತ್ತಿತ್ತ ಹಾಯಾಗಿ ಓಲಾಡುತ್ತಿತ್ತು.

ಆಮೇಲೆ ಗೊತ್ತಾದ ಸಂಗತಿ ಇಷ್ಟು: ಹಿಡಿಕೆಯಿಂದ ಗೇರ್ ಪೆಟ್ಟಿಗೆಗೆ ಒಂದು ಕೇಬಲ್ ಹೋಗುತ್ತದೆ. ಕೇಬಲ್ಲಿನ ತುದಿಯನ್ನು ಪೆಟ್ಟಿಗೆಗೆ ಕಚ್ಚಿಸಿ ಹಿಡಿಯುವುದು ಕಿರುಬೆರಳಿನ ಉಂಗುರದಷ್ಟು ದೊಡ್ಡ ಒಂದು ರಬ್ಬರ್ ಬಳೆ. ಅದಕ್ಕೆ ಬುಶ್ಶು ಅಂತಾರೆ. ಅದು ಚಳಿಗೆ ಪುಡಿಯಾದರೆ ಕೇಬಲ್ ಕಳಚಿಕೊಳ್ಳುತ್ತದೆ. ಆಗ ಕಾರು ಕೊನೆಗೆ ಯಾವ ಗೇರಿನಲ್ಲಿತ್ತೋ ಅದರಲ್ಲೇ ಗಟ್ಟಿ.

ಆದರೆ ಆಗ ನಮಗೇನು ಗೊತ್ತು? ಮನೆ ಹತ್ತಿರವೇ ಇದೆ, ಹಿಂದು ಹಿಂದಕ್ಕೇ ಹೋಗಿಬಿಡೋಣ ಅಂದರು ನಮ್ಮವರು. ನಾನು ಹಿಂದಿನ ಗಾಜಿಗೆ ಮುಖ ಒತ್ತಿ ಎಡಕ್ಕೆ, ಬಲಕ್ಕೆ ಅಂತ ದಾರಿ ಹೇಳತೊಡಗಿದೆ. ನನ್ನ ಎಡ ಅವರ ಬಲವಾಗಿ ರಸ್ತೆ ಬದಿಯಲ್ಲಿ ನೆಟ್ಟಿದ್ದ ಎರಡು ಮನೆಯವರ ಅಂಚೆಪೆಟ್ಟಿಗೆಗಳು ಸ್ವಲ್ಪದರಲ್ಲಿ ಉಳಿದವು. ಎರಡು ಬೀದಿ ದಾಟುವಷ್ಟರಲ್ಲಿ ಪೊಲೀಸಿನವನ ದೀಪ ತಿರುಗಿತು.

ಅವನು ಬಂದು, ನೀವು ಮನೆಗೆ ಹೋಗುತ್ತಿದ್ದೀರೋ, ಮನೆಯಿಂದ ಬರುತ್ತಿದ್ದೀರೋ ಅಂತ ಕೇಳಿದ. ಮನೆಗೇ, ಗೇರು ಕೆಟ್ಟಿದೆ ಅಂದರು ನಮ್ಮವರು. ಕೆಲಸ ಎಲ್ಲಿ ಅಂತ ವಿಚಾರಿಸಿದ. ಕಾರು ಕಂಪನಿಯಲ್ಲಿ ಎಂಜಿನಿಯರು ಅಂದಾಗ, ಯಾವ ಕಂಪನಿ ಅಂತ ದಯವಿಟ್ಟು ಹೇಳಿ, ಮುಂದಿನ ತಿಂಗಳು ನಾನೊಂದು ಕಾರು ಕೊಳ್ಳುವವನಿದ್ದೇನೆ ಅಂದ.

ಒಳ್ಳೆಯವನು. ದಂಡದ ಚೀಟಿ ಬರೆಯಲಿಲ್ಲ. ಬೆಂಗಾವಲಿಗೆ ಬರುತ್ತೇನೆ, ನಿಧಾನಕ್ಕೆ ಹೋಗಿ ಅಂದ. ಆದರೆ ನಾವು ಹಿಮ್ಮುಖ, ಅವನು ಮುಮ್ಮುಖ. ಹಾಗಾಗಿ ಮುಂದಿನ ಸೀಟಿನ ಅತ್ತೆ ಮತ್ತು ಆ ಪೊಲೀಸಿನವನು ಮನೆ ಮುಟ್ಟುವವರೆಗೂ ಮುಖಾಮುಖಿ. ಮೊದಲ ಬೀದಿಯಲ್ಲಿ ಅತ್ತೆ ಮುಖ ತಿರುಗಿಸಿಕೊಂಡರು. ಎರಡನೆಯದರಲ್ಲಿ ಅವನು ಟೋಪಿ ಮುಟ್ಟಿ ವಂದಿಸಿದ, ಇವರು ಕೈ ಮುಗಿದರು. ಮನೆ ಬಂದಾಗ ಅತ್ತೆ ಇಳಿದು ಸೆರಗು ಸರಿಮಾಡಿಕೊಂಡು ಮಗನಿಗೆ ಹೇಳಿದರು: "ತಮ್ಮಾ, ಇಷ್ಟು ದೂರ ಕಳಸಲಿಕ್ಕೆ ಬಂದಾನ. ಚಾ ಕುಡದು ಹೋಗು ಅನ್ನು."

ಗ್ಯಾಸ್ಕೆಟ್ಟು

ಕಾರಿನ ಬಿಡಿಭಾಗದ ಅಂಗಡಿಗೆ ಹೋಗಿ ವಿಚಾರಿಸಿದರೆ, ಬುಶ್ಶು ಒಂದನ್ನೇ ಮಾರುವುದಿಲ್ಲ, ಪೂರ್ತಿ ಕೇಬಲ್ಲೇ ಕೊಳ್ಳಬೇಕು, ಅದೂ ತರಿಸಬೇಕು ಅಂದರು. ನಮ್ಮವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಿಯ ಗುಂಡಿ ಬಿದ್ದರೆ ಯಾರಾದರೂ ಹೊಸ ಅಂಗಿ ಹೊಲಿಸುತ್ತಾರೆಯೇ ಅಂತ ಅಲ್ಲೇ ವಾದ ಮಾಡಿ ಬಂದರು. ನಾನೇ ಮಾಡುತ್ತೇನೆ ಅಂತ ಹಠ. ಅವತ್ತಿನಿಂದ ಸಂಜೆಯಾದರೆ ಕಾರಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿರುತ್ತಿದ್ದವು. ಆ ಕಾಲುಗಳ ಜೊತೆಗೇ ನಾನು ಮಾತಾಡುತ್ತಿದ್ದೆ.

ಮೊದಲು ಬಾಟಲಿ ಬೆಂಡು ಕತ್ತರಿಸಿ ಹಾಕಿದರು, ಒಂದು ದಿನ ಬಂತು. ಶೂ ಅಟ್ಟೆ ಕತ್ತರಿಸಿ ಹಾಕಿದರು, ಮೂಲೆ ತಿರುಗುವಷ್ಟರಲ್ಲಿ ಬಿತ್ತು. ಆಮೇಲೆ ಒಂದು ಸಂಜೆ ಶಿಳ್ಳೆ ಹಾಕುತ್ತಾ ಒಳಗೆ ಬಂದು ಕೈ ತೊಳೆದರು. ಗೇರು ಬೆಣ್ಣೆಯ ಹಾಗೆ ಬೀಳುತ್ತಿದೆ, ಈಗ ಸರಿಯಾದ ರಬ್ಬರು ಸಿಕ್ಕಿತು ಅಂದರು. ನನಗೂ ಸಂತೋಷವಾಯಿತು.

ಮರುದಿನ ತೊಗರಿಬೇಳೆ ಇಟ್ಟೆ. ಕುಕ್ಕರು ಕೂಗಲಿಲ್ಲ. ಸುತ್ತಲೂ ಬುಸ್ ಬುಸ್ ಅಂತ ಹಬೆ. ಮುಚ್ಚಳ ತೆಗೆದು ನೋಡುತ್ತೇನೆ, ಗ್ಯಾಸ್ಕೆಟ್ಟಿನಲ್ಲಿ ಹೆಬ್ಬೆರಳಗಲ ಜಾಗ ಖಾಲಿ. ಆ ಕುಕ್ಕರು ನಾನು ಮದುವೆಯಾಗಿ ಬರುವಾಗ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿಕೊಂಡು ತಂದದ್ದು. ಅದರ ಗ್ಯಾಸ್ಕೆಟ್ಟು ಇಡೀ ಮಿಷಿಗನ್ನಿನಲ್ಲಿ ಸಿಗುತ್ತಿರಲಿಲ್ಲ, ಊರಿನಿಂದ ಯಾರಾದರೂ ಬರುವಾಗ ತರಬೇಕು. ಕಣ್ಣಲ್ಲಿ ನೀರೇ ಬಂತು.

ಐದು ತಿಂಗಳು ಕಾರು ಓಡಿತು. ಬೇಳೆ ಬೇಯಲಿಲ್ಲ.

ಆಪರೇಷನ್

ನವರಾತ್ರಿ ಮುಗಿಯಿತು. ಧಾರವಾಡದಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಅತ್ತೆ ಅಷ್ಟರೊಳಗೆ ಊರು ಸೇರಬೇಕು. ಷಿಕಾಗೋ ಏರ್‌ಪೋರ್ಟಾದ ಓಹೇರ್‌ನಿಂದ ವಿಮಾನ. ಹಿಂದಿನ ದಿನ ಮುನ್ನೂರು ಮೈಲಿ ಡ್ರೈವ್ ಮಾಡಿ, ಅದರ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದ ನಮ್ಮ ಸ್ನೇಹಿತರ ಮನೆಯಲ್ಲಿ ರಾತ್ರಿ ತಂಗುವುದೆಂದಾಯಿತು. ಆ ಸ್ನೇಹಿತರು ಬೆಂಗಳೂರಿನವರು, ಮೂಳೆ ಡಾಕ್ಟರು.

ಕುಕ್ಕರಿನ ರಬ್ಬರು ಮುನ್ನೂರು ಮೈಲಿಯೂ ಮರ್ಯಾದೆ ಉಳಿಸಿತು. ಡಾಕ್ಟರ ಮನೆ ಮುಂದೆ ತಿರುಗಿಸಿ, ಕಾರು ನಿಲ್ಲಿಸಿಡುವ ಪಾರ್ಕ್ ಗೇರಿಗೆ ಹಾಕುವಾಗ ಪ್ರಾಣ ಬಿಟ್ಟಿತು. ಕಾರು ಮುಂದಕ್ಕೇ ತೆವಳಿ ಗ್ಯಾರೇಜಿನ ಬಾಗಿಲಿಗೆ ಮೂಗು ಒತ್ತಿ ನಿಂತಿತು.

ನನ್ನ ಜೀವ ಹಾರಿಹೋಯಿತು. ವಿಮಾನ ತಪ್ಪಿದರೆ ಮದುವೆ ಮನೆಯಲ್ಲಿ ಹೆಣ್ಣಿನ ತಾಯಿಯೇ ಇರುವುದಿಲ್ಲ. ಡಾಕ್ಟರ ಕಾರು ಬೆಳಗಾಗುವ ಮೊದಲೇ ಅವರ ಜೊತೆ ಆಸ್ಪತ್ರೆಗೆ ಹೊರಡುತ್ತಿತ್ತು. ಅತ್ತೆ ಮಾತ್ರ, ಅದೇನಾಗಬೇಕೋ ಆಗುತ್ತದೆ ಅಂತ ಒಳಗೆ ಹೋಗಿ ಡಾಕ್ಟರ ಹೆಂಡತಿಯ ಜೊತೆ ಹೀರೇಕಾಯಿಯ ವಿಷಯ ಮಾತಾಡುತ್ತಾ ಕೂತರು.

ಡಾಕ್ಟರು ಟಾರ್ಚು ಹಿಡಿದು ಕಾರಿನ ಕೆಳಗೆ ಹೋದರು. ಎರಡು ಜೊತೆ ಕಾಲು ಈಗ. ಒಳಗಿಂದಲೇ ಹೇಳಿದರು, "ರಾಯರೇ, ಇದೇನೂ ಅಲ್ಲ, ಕೀಲಿನ ಮೆತ್ತೆ ಸವೆದಿದೆ. ನಮ್ಮ ಪೇಷಂಟುಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಇದೇ." ಆಪರೇಷನ್ ಥಿಯೇಟರಿನ ಅಭ್ಯಾಸ ನೋಡಿ, ಕೈಯನ್ನು ಹೊರಗೆ ಚಾಚಿ "ಫೋರ್ಸೆಪ್ಸ್" ಅಂದರು. ಅವರ ಹೆಂಡತಿ ಒಳಗಿನಿಂದ ತಂದು ಅಡುಗೆಮನೆಯ ಇಕ್ಕಳ ಕೊಟ್ಟರು. ಡಾಕ್ಟರು ಅದನ್ನು ನೋಡಲೂ ಇಲ್ಲ, ಇಸಿದುಕೊಂಡು ಕೆಲಸ ಮುಂದುವರಿಸಿದರು. "ಕಾಟನ್" ಅಂದರು, ದೀಪದ ಬತ್ತಿ ಹೋಯಿತು. ಕೇಬಲ್ಲಿನ ತುದಿಯನ್ನು ಅದರ ಜಾಗಕ್ಕೆ ಕೂರಿಸಿ, ಬತ್ತಿ ಸುತ್ತಿ, ಮೇಲೆ ಬ್ಯಾಂಡೇಜು ಬಿಗಿದು, ಕೈ ಮುರಿದವರಿಗೆ ಹಾಕುವ ಹಾಗೆ ಅಚ್ಚ ಬಿಳಿಯ ಪ್ಲಾಸ್ಟರು ಹಾಕಿದರು.

ಅದು ಒಣಗಿದ ಮೇಲೆ ಗೇರು ಹಾಕಿ ನೋಡಿದರೆ ಎಲ್ಲ ಸರಿ. ನಮ್ಮವರು ಡಾಕ್ಟರನ್ನು ತಬ್ಬಿಕೊಂಡುಬಿಟ್ಟರು. ಡಾಕ್ಟರು ಕೈ ಒರೆಸಿಕೊಂಡು, ಅಭ್ಯಾಸಬಲದಿಂದಲೋ ಏನೋ, ಗಂಭೀರವಾಗಿ ಹೇಳಿದರು: "ಆರು ವಾರ ಓಡಾಟ ಬೇಡ."

ಪ್ರದಕ್ಷಿಣೆ

ಮರುದಿನ ಹೊರಟೆವು. ಸೂಟ್‌ಕೇಸು ನನ್ನ ತೊಡೆಯ ಮೇಲೆ, ಅದರ ಮೇಲೆ ಅತ್ತೆಯ ಚೀಲ. ಡೆಸ್ ಪ್ಲೇನ್ಸ್ ಅನ್ನುವ ಊರು ದಾಟಿ ಏರ್‌ಪೋರ್ಟು ಕಾಣಿಸಿದಾಗ ನಾನು ಉಸಿರು ಬಿಟ್ಟೆ. ಟರ್ಮಿನಲ್ ಮುಂದೆ ನಿಲ್ಲಿಸಿ ನಮ್ಮವರು ಪಾರ್ಕಿಗೆ ಹಾಕಿದರು. ಕೆಳಗೆ ಲಟಕ್ ಅಂತ ಸದ್ದು. ಪ್ಲಾಸ್ಟರು ಬಿಟ್ಟಿತ್ತು. ಕಾರು ಮುಂದಕ್ಕೇ ಹೊರಟಿತು. ಅವರು ಬ್ರೇಕಿನ ಮೇಲೆ ನಿಂತೇಬಿಟ್ಟರು.

ಹ್ಯಾಂಡ್ ಬ್ರೇಕು ಹೆಸರಿಗಷ್ಟೇ ಇದ್ದದ್ದು. ಎಂಜಿನ್ ಆಫ್ ಮಾಡಿದರೆ ಡ್ರೈವ್ ಗೇರಿನಲ್ಲಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ನನಗೆ ಡ್ರೈವಿಂಗ್ ಬಾರದು. ನೀವಿಬ್ಬರೂ ಇಳಿಯಿರಿ, ನಾನು ಕಾಲು ತೆಗೆಯುವ ಹಾಗಿಲ್ಲ ಅಂದರು ನಮ್ಮವರು. ನಾವು ಹೇಗೋ ಸಾಮಾನಿನ ಸಮೇತ ಇಳಿದೆವು. ಒಳಗೆ ಹೋಗೋಣ ಅಂದರೆ ಅತ್ತೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಏಳು ಸಮುದ್ರ ದಾಟಿ ಹೋಗುವ ತಾಯಿಗೆ ಮಗ ನಮಸ್ಕಾರ ಮಾಡಬೇಡವೇ? ಅವನು ಇಳಿದು ಕಾಲು ಮುಟ್ಟುವವರೆಗೆ ನಾನು ಬಾಗಿಲು ದಾಟುವುದಿಲ್ಲ ಅಂತ ಸೂಟ್‌ಕೇಸಿನ ಪಕ್ಕ ನಿಂತುಬಿಟ್ಟರು.

ಅಷ್ಟರಲ್ಲಿ ಅಲ್ಲಿದ್ದ ಪೊಲೀಸಿನವನು ಸೀಟಿ ಊದಿ, ಇಲ್ಲಿ ನಿಲ್ಲಿಸಬೇಡಿ ಅಂತ ಕೈ ಬೀಸಿದ. ನಮ್ಮವರು ಹೊರಟು, ಏರ್‌ಪೋರ್ಟಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿಕೊಂಡು ಬಂದರು. ಬಂದು ನಿಂತೊಡನೆ ಅತ್ತೆ ಕಿಟಕಿಗೆ ಬಗ್ಗಿ, ಚಳಿ ಶುರುವಾದರೆ ಕಿವಿಗೆ ಕಟ್ಟಿಕೋ ಅಂದರು. ಸೀಟಿ ಊದಿತು. ಇನ್ನೊಂದು ಸುತ್ತು. ಈ ಸಲ ಅತ್ತೆ, ಅವಳ ಮೇಲೆ ರೇಗಬೇಡ, ಹೊಸ ಗ್ಯಾಸ್ಕೆಟ್ಟು ನಾನು ಕಳಿಸುತ್ತೇನೆ ಅಂದರು. ಮತ್ತೆ ಸೀಟಿ. ಮೂರನೆಯ ಸಲ ಬಂದಾಗ ಅತ್ತೆ ಮತ್ತೆ ಬಗ್ಗಿದರು. ಕಿಟಕಿಯೊಳಗೆ ಕೈಯಿಟ್ಟು ಮಗನ ಕೆನ್ನೆ ಮುಟ್ಟಿದರು. ನಮ್ಮವರು ಬ್ರೇಕಿನ ಮೇಲೆ ಕಾಲೂರಿಕೊಂಡು ಎದುರುಗಡೆಯ ಗಾಜನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಪೊಲೀಸಿನವನು ಮುಖ ಕೆಂಪಗೆ ಮಾಡಿಕೊಂಡು ಬಂದ. ಏನಿದು ನಿಮ್ಮ ಆಟ ಅಂತ ಕೇಳಿದ. ಗೇರು ಕೆಟ್ಟಿದೆ, ಅವರು ಇಳಿದರೆ ಕಾರು ಓಡಿಹೋಗುತ್ತದೆ, ಇಳಿಯದಿದ್ದರೆ ಇವರು ವಿಮಾನ ಹತ್ತುವುದಿಲ್ಲ, ಮಗ ಕಾಲು ಮುಟ್ಟಬೇಕಂತೆ ಅಂತ ನಾನು ಒಂದೇ ಉಸಿರಿಗೆ ಹೇಳಿದೆ. ಅವನು ಅತ್ತೆಯನ್ನು ನೋಡಿದ, ಕಾರನ್ನು ನೋಡಿದ. ಆಮೇಲೆ ಬಾಗಿಲು ತೆಗೆದು, ತನ್ನ ಬೂಟುಗಾಲನ್ನು ನಮ್ಮವರ ಕಾಲಿನ ಪಕ್ಕ ಬ್ರೇಕಿನ ಮೇಲಿಟ್ಟು, ಬೇಗ ಇಳಿ ಅಂದ.

ನಮ್ಮವರು ಅವನನ್ನು ಉಜ್ಜಿಕೊಂಡು ಇಳಿದು, ಆ ಜನಜಂಗುಳಿಯ ನಡುವೆ ಫುಟ್‌ಪಾತಿನ ಮೇಲೆ ಉದ್ದಕ್ಕೆ ಅಡ್ಡಬಿದ್ದರು. ಅತ್ತೆ ಮಗನ ತಲೆ ನೇವರಿಸಿದರು. ಆಮೇಲೆ ಕಾರಿಗೆ ಬಗ್ಗಿ, ಬ್ರೇಕು ಒತ್ತಿ ಕೂತಿದ್ದ ಪೊಲೀಸಿನವನ ಟೋಪಿಯ ಮೇಲೂ ಕೈಯಿಟ್ಟು, ನೂರು ವರ್ಷ ಬಾಳು ಅಂತ ಹರಸಿ, ತಿರುಗಿ ನೋಡದೆ ಒಳಗೆ ನಡೆದರು. ನಾನು ಸೂಟ್‌ಕೇಸು ಎಳೆದುಕೊಂಡು ಹಿಂದೆ ಓಡಿದೆ. ನಮ್ಮವರು ಅವತ್ತೇ ಕಾರನ್ನು ಸೀದಾ ಡೆಸ್ ಪ್ಲೇನ್ಸ್‌ನ ಒಂದು ಗ್ಯಾರೇಜಿಗೆ ಒಯ್ದು, ಬಾಯಿ ಮುಚ್ಚಿಕೊಂಡು ಪೂರ್ತಿ ಹೊಸ ಕೇಬಲ್ ಹಾಕಿಸಲು ಒಪ್ಪಿದರು.

ಎರಡು ವರ್ಷದ ಮೇಲೆ ನಾವು ಧಾರವಾಡಕ್ಕೆ ಹೋದಾಗ ಓಣಿಯ ಹೆಂಗಸರೆಲ್ಲ ನಮ್ಮವರನ್ನು ನೋಡಲು ಬಂದರು. ನೋಡಿ ಕೈ ಮುಗಿದರು. ಯಾಕೆ ಅಂತ ನಮಗೆ ತಿಳಿಯಲಿಲ್ಲ. ಒಳಗೆ ಅತ್ತೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಗಣಪ್ಪ ತಾಯಿಗೆ ಪ್ರದಕ್ಷಿಣಿ ಹಾಕಿದ್ದು ಪುರಾಣದಾಗ ಕೇಳೀರಿ. ನನ್ನ ಮಗ ನನ್ನ ನಡೂ ನಿಲ್ಲಿಸಿ ಕೆಂಪು ಕಾರಿನ್ಯಾಗ ಮೂರು ಸುತ್ತು ಹಾಕಿ ಕಳಿಸ್ಯಾನ. ಪೊಲೀಸ್ರು ನಿಂತು ನೋಡ್ಯಾರ."

ನಮ್ಮವರಿಗೆ ನಾಚಿಕೆಯಾಗಿ ಒಳಗೆ ಹೋಗಿ, "ಅವ್ವಾ, ಅದು ಪ್ರದಕ್ಷಿಣಿ ಅಲ್ಲ. ಬುಶ್ ಮುರದಿತ್ತು," ಅಂದರು.

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ನೀ ನಿನ್ನಷ್ಟಕ್ಕ ನೀ ಸುತ್ತು ಹಾಕಾಂವ ಅಲ್ಲ ಅಂತ ಆ ಗಣಪ್ಪಗ ಗೊತ್ತಿತ್ತು," ಅಂದರು. "ಅದಕ್ಕ ಮುರದ."